ಕೊನೆಯ ತಾಮ್ರದ ಗಟ್ಟಿ

"ಇನ್ನೊಂದು ಗೆರೆ ಏರಿಸ್ತೀನಿ," ಎಂದಳು ಹೆಂಡತಿ, ತಡೆಹಲಗೆಯ ಆಚೆಯಿಂದ. ಬೆಳಗಿನ ತಿಂಡಿಯ ನಂತರ ಅವಳು ಗಂಡನೊಂದಿಗೆ ಆಡಿದ ಮೊದಲ ಮಾತು ಅದು. ಅದೂ ಹೀಟರಿನ ವಿಷಯ.

ಮತ್ತೆ ಮಾತು ಹರಿಸಲು ಗಂಡನಿಗೆ ಅಷ್ಟೇ ಸಾಕಾಯಿತು. ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ರೇಡಿಯೊ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಕ್ಕನೂ ಅವಳ ಮಕ್ಕಳೂ ರಜೆ ಪೂರ್ತಿ ಬಂದಿರಲಿ ಎಂದು ಅವನು ಫೋನಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದ. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಮಕ್ಕಳಿಗೆಂದು ಅವನು ಧಾರಾಳವಾಗಿ ಬಿಟ್ಟುಕೊಟ್ಟದ್ದು ಅವಳು ಪಿಎಚ್.ಡಿ. ಪ್ರಬಂಧ ಬರೆಯಲು ಕೂರುವ ಕೋಣೆ. ಅವಳ ಮುಖ ಕೆಂಪಾದ ಗಳಿಗೆಯಿಂದ ಇವನು ಒಂದೇ ಸಮನೆ ಸಮಾಧಾನ ಹೇಳುತ್ತಲೇ ಇದ್ದ.

ಪ್ರಯೋಗವೂ ಅವಳದೇ. ಕೆಳಗಿನಿಂದ ಕಾಯಿಸಿದ ತಾಮ್ರದ ಗಟ್ಟಿಯ ನೆತ್ತಿಗೆ ಸಣ್ಣ ಬಾಯಿಯ ಕೊಳವೆಯೊಂದು ನೀರಿನ ಧಾರೆ ಹೊಡೆಯುತ್ತಿತ್ತು. ನೀರು ಕುದಿದಷ್ಟೂ ಕಾವನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಅದಕ್ಕೂ ಒಂದು ಮಿತಿಯಿದೆ. ಅದನ್ನು ದಾಟಿದರೆ ತಾಮ್ರಕ್ಕೂ ನೀರಿಗೂ ನಡುವೆ ಆವಿಯ ಪೊರೆ ಹಾಸಿಕೊಳ್ಳುತ್ತದೆ, ನೀರು ತಾಗುವುದೇ ಇಲ್ಲ, ಗಟ್ಟಿ ಹೀಟರಿನ ಸಮೇತ ಸುಟ್ಟು ಕೂರುತ್ತದೆ. ಆ ಮಿತಿ ಎಲ್ಲಿದೆ ಎಂದು ಹುಡುಕುವುದೇ ಅವಳ ಪ್ರಬಂಧ. ಹುಡುಕುವ ಭರದಲ್ಲಿ ಸುಟ್ಟ ಗಟ್ಟಿಗಳೆಲ್ಲ ಈಗ ಮೇಜುಗಳ ಮೇಲೆ ಕಾಗದ ಹಾರದಂತೆ ಹಿಡಿಯುವ ಕೆಲಸಕ್ಕೆ ಸೇರಿದ್ದವು. ಉಳಿದದ್ದು ಇದೊಂದೇ. ಇದೂ ಹೋದರೆ ಅವಳ ಕೊನೆಯ ಅಧ್ಯಾಯಕ್ಕೆ ಎಳ್ಳುನೀರು.

ಕಾವು ಒಬ್ಬರ ಕೈಯಲ್ಲಿ, ನೀರು ಇನ್ನೊಬ್ಬರ ಕೈಯಲ್ಲಿ ಇರಬೇಕು ಎಂಬುದು ಅವಳ ಪ್ರಬಂಧಕ್ಕೆ ಮಾರ್ಗದರ್ಶಕರಾದ ಮೇಷ್ಟ್ರ ಕಟ್ಟಪ್ಪಣೆ. ಹಾಗಾಗಿ ಹೀಟರಿನ ಗುಂಡಿ ಅವಳ ಬಳಿ, ನೀರಿನ ವಾಲ್ವು ಇವನ ಬಳಿ. ಹಲಗೆ ಅಡ್ಡವಿದ್ದುದರಿಂದ ಗಟ್ಟಿಯ ನೆತ್ತಿ ಇವನಿಗೆ ಮಾತ್ರ ಕಾಣುತ್ತಿತ್ತು. ಅವಳ ಮುಂದಿದ್ದುದು ಉಷ್ಣಾಂಶದ ಅಂಕಿ. ಅದು ಗಟ್ಟಿಯ ಒಡಲಾಳದಿಂದ ಬರಬೇಕಾದ್ದರಿಂದ ಯಾವಾಗಲೂ ಕೊಂಚ ತಡ. ಪಕ್ಕದಲ್ಲೇ ಪಂಪು ಅಬ್ಬರಿಸುತ್ತಿತ್ತು. ಆ ಗದ್ದಲದಲ್ಲೂ ಅವಳ ಕಿವಿಗೆ ಬೀಳುತ್ತಿದ್ದುದು ಗಂಡನ ದನಿ ಒಂದೇ.

"ಅಕ್ಕ ಏನು ಹೊರಗಿನವಳಾ? ಮಕ್ಕಳು ಗಲಾಟೆ ಮಾಡಲ್ಲ. ಮಾಡಿದ್ರೂ ನಾನಿದೀನಲ್ಲ. ನೀನು ಅಡುಗೆಮನೆ ಮೇಜಿನ ಮೇಲೆ ಬರೀಬಹುದು, ಅಲ್ಲಿ ಬೆಳಕೂ ಚೆನ್ನಾಗಿದೆ."

"ಇನ್ನೊಂದು ಗೆರೆ," ಎಂದಳು ಅವಳು. ಗುಂಡಿ ತಿರುಗಿದ ರಭಸದಲ್ಲೇ ಉತ್ತರವಿತ್ತು. ರೇಡಿಯೊಗೆ ಅದು ತಿಳಿಯಲಿಲ್ಲ.

"ಕುರ್ಚಿ ಸರಿಯಿಲ್ಲ ಅಂದ್ರೆ ಹೇಳು, ನಾಳೆನೇ ಹೋಗಿ ಒಂದು ಒಳ್ಳೆ..."

ಗಟ್ಟಿಯ ಮೇಲಿನ ಚಟಪಟ ಸದ್ದು ಥಟ್ಟನೆ ಅಡಗಿತ್ತು. ಇಷ್ಟು ಹೊತ್ತು ತಾಮ್ರಕ್ಕೆ ಅಂಟಿಕೊಂಡು ಹರಡುತ್ತಿದ್ದ ನೀರು ಈಗ ಕಾದ ಬಾಣಲೆಗೆ ಬಿದ್ದ ಹನಿಗಳ ಹಾಗೆ ಚೂರುಚೂರಾಗಿ ಜಾರಿ ಹಾರುತ್ತಿತ್ತು. ಕೂಗಬೇಕೆಂದರೆ ಅವನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಕೈ ಮಾತ್ರ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು, ವಾಲ್ವನ್ನು ಪೂರ್ತಿ ತೆರೆಯಿತು. ನೀರು ಭೋರೆಂದು ಸುರಿಯಿತು. ಸುರಿದದ್ದೆಲ್ಲ ಹಲಗೆಗೆ, ಅಂಗಿಗೆ, ಕನ್ನಡಕಕ್ಕೆ ಹಾರಿತು. ತಾಮ್ರ ಮಾತ್ರ ಒಣಗಿಯೇ ಇತ್ತು.

ಅಷ್ಟರಲ್ಲಿ ಆಚೆಯಿಂದ ಟಕ್ ಎಂದಿತು. ಹೀಟರು ಆರಿತು. ಒಂದು ಉಸಿರಿನ ನಂತರ ನೀರು ಚುಂಯ್ ಎಂದು ಮತ್ತೆ ತಾಮ್ರಕ್ಕೆ ಅಂಟಿಕೊಂಡಿತು. ಗಟ್ಟಿ ಉಳಿದುಕೊಂಡಿತ್ತು.

ಅವಳು ಸುತ್ತಿ ಬಂದು ಗಟ್ಟಿಯನ್ನೂ ತೊಯ್ದ ಗಂಡನನ್ನೂ ನೋಡಿದಳು.

"ನೀರು ಜಾಸ್ತಿ ಬಿಟ್ರೆ ಸರಿಹೋಗುತ್ತೆ ಅಂದ್ಕೊಂಡೆ," ಎಂದ ಅವನು.

"ತಾಗದೇ ಇದ್ರೆ ಎಷ್ಟು ಸುರಿದು ಏನು ಬಂತು ರೀ?"

ಇದು ಬರೀ ನೀರಿನ ಮಾತಲ್ಲ ಎಂದು ಅವನಿಗೆ ಹೊಳೆಯಿತು. ಬೆಳಗಿನಿಂದ ತಾನು ಸುರಿದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು. "ನಿನ್ನ ಕೇಳದೆ ನಿನ್ನ ಕೋಣೆ ಕೊಟ್ಟಿದ್ದು ತಪ್ಪು. ಅಕ್ಕನಿಗೆ ನಾನೇ ಹೇಳ್ತೀನಿ," ಎಂದು ಅಷ್ಟಕ್ಕೇ ಬಾಯಿ ಮುಚ್ಚಿದ. ಅವಳು ಇನ್ನಷ್ಟು ಬರಬಹುದೆಂದು ಕಾದಳು. ಬರಲಿಲ್ಲ. ಅವನ ಕನ್ನಡಕ ತೆಗೆದುಕೊಂಡು ಒರೆಸಿಕೊಟ್ಟಳು.

ಸದ್ದು ಕೇಳಿ ಬಂದ ಮೇಷ್ಟ್ರು ಮೊದಲು ಗಟ್ಟಿಯನ್ನು ಮುಟ್ಟಿ ನೋಡಹೋಗಿ ಕೈ ಹಿಂದೆಗೆದರು. ಆಮೇಲೆ ಪರದೆಯ ಮೇಲಿನ ನಕ್ಷೆಗೆ ಮೂಗು ತಾಗಿಸಿದರು. ಗೆರೆ ಸರಿಯಾಗಿ ಮಿತಿಯ ತುದಿಗೆ ಹೋಗಿ ಅಲ್ಲೇ ನಿಂತಿತ್ತು. ಹಿಂದಿನ ಗಟ್ಟಿಗಳೆಲ್ಲ ಸುಟ್ಟು ಕೂಡ ತೋರಿಸದಿದ್ದ ಜಾಗ ಅದು.

"ಅಂಕಿ ನೆಗೆಯೋ ಮೊದಲೇ ಆರಿಸಿದ್ದೀಯಲ್ಲಮ್ಮ," ಎಂದರು ಬೆರಗಿನಿಂದ. "ಯಾವ ಗುರುತು ಹಿಡಿದೆ?"

ಅವಳು ಗಂಡನ ಕಡೆ ನೋಡಿದಳು. "ಮದುವೆಯಾದಾಗಿನಿಂದ ಇವರು ಅರ್ಧ ಮಾತಿಗೆ ನಿಂತಿದ್ದೇ ಇಲ್ಲ ಸಾರ್. ಇವತ್ತು ನಿಂತ್ರು. ಆರಿಸಿಬಿಟ್ಟೆ."