ಗಾದಿಗೆಂದು ಕೊಂಡ ಬಟ್ಟೆ

“ಪಂಖ ತಿರುವು” ಎಂದು ಮಹಾಲಿಂಗಪ್ಪ ಮಿಸ್ತ್ರಿಗೆ ಕೂಗುವ ಹೊತ್ತಿಗೆ ರೇಣವ್ವ ಮಂದಿಯನ್ನು ಸರಿಸಿಕೊಂಡು ಬಂದು ವಿಮಾನದ ಎಡ ರೆಕ್ಕೆಯ ಮೇಲೆ ಅಂಗೈ ಇಟ್ಟಳು.

ನರಗುಂದದ ಸಾವ್ಕಾರರ ಮಗ ಮಹಾಲಿಂಗಪ್ಪ ತಮ್ಮ ಹತ್ತಿ ಗಿರಣಿಯ ಹಿಂದೆ ಮೂರು ವರ್ಷ ಕೂತು ಕೈಯಾರೆ ಕಟ್ಟಿದ ವಿಮಾನ ಅದು. ಕಟ್ಟಿಗೆಯ ಚೌಕಟ್ಟು, ಮೇಲೆ ಬಟ್ಟೆ, ಬಟ್ಟೆಯ ಮೇಲೆ ವಾರ್ನಿಶ್. ಎಂಜಿನು ಮಾತ್ರ ಯುದ್ಧ ಮುಗಿದ ಮೇಲೆ ಮಿಲಿಟರಿ ಲಿಲಾವಿನಲ್ಲಿ ಕೂಗಿ ಕೊಂಡದ್ದು. ನರಗುಂದದ ಕರಿ ಎರಿ ನೆಲದಲ್ಲಿ ಗಾಲಿ ಹೂತುಹೋಗುತ್ತವೆಂದು ಎರಡು ಚಕ್ಕಡಿಗಳಲ್ಲಿ ಹೇರಿಕೊಂಡು ಬಂದು, ಗಜೇಂದ್ರಗಡದ ಗುಡ್ಡದ ಕೆಳಗಿನ ಗಟ್ಟಿ ಕೆಂಪು ಮಸಾರಿ ಬಯಲಿನಲ್ಲಿ ಜೋಡಿಸಿದ್ದ. ನಿನ್ನೆ ಎರಡು ಸಲ ಆಳೆತ್ತರ ಹಾರಿ ಇಳಿದಿತ್ತು. ಇವತ್ತು ಗುಡ್ಡ ಸುತ್ತಿ ಬರಬೇಕಿತ್ತು.

ಮುಂದಿನ ಕುರ್ಚಿಯಲ್ಲಿ ರೋಣದ ಹೂವಪ್ಪ ಮಾಸ್ತರರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೂತಿದ್ದರು. ಆಕಾಶದಲ್ಲಿ ಸದ್ದಾದರೆ ಪಾಠ ಬಿಟ್ಟು ಅಂಗಳಕ್ಕೆ ಓಡುವವರು. ಸೂಟಿ ಬಂದರೆ ಬೆಳಗಾವಿಗೆ ಹೋಗಿ ಸಾಂಬ್ರಾ ವಿಮಾನ ನಿಲ್ದಾಣದ ಬೇಲಿಯ ಹೊರಗೆ ದಿನವಿಡೀ ನಿಲ್ಲುವವರು. ಬೇಲಿಯ ಒಳಗೆ ಅವರನ್ನು ಯಾರೂ ಕರೆದಿರಲಿಲ್ಲ.

“ಹನ್ನೆರಡು ವರ್ಷದಾಗ ಮೂವತ್ತೊಂದು ಜಾತಿ ವಿಮಾನ ನೋಡೇನಿ, ಮಹಾಲಿಂಗಪ್ಪ” ಎಂದರು ಹಿಂದಿನ ಕುರ್ಚಿಯಲ್ಲಿ ಕೂತವನ ಕಡೆ ತಿರುಗಿ. “ಇದು ಯಾವ ಜಾತೀದೂ ಅಲ್ಲ ನೋಡು.”

“ಕುಲಗೆಟ್ಟದ್ದರಿ ಮಾಸ್ತರ. ಅದಕ್ಕ ಧೈರ್ಯ ಭಾಳ.”

ರೇಣವ್ವ ಇದನ್ನೇನೂ ಕೇಳಿಸಿಕೊಳ್ಳಲಿಲ್ಲ. ಗಜೇಂದ್ರಗಡದಲ್ಲಿ ಅವಳ ಮಗ್ಗದ ಬಟ್ಟೆಗೆ ಹೆಸರಿತ್ತು. ಅಂಚಿಗೆ ಒಂದು ಕೆಂಪು ಎಳೆ ಅವಳ ಗುರುತು. ಅದು ಕಂಡರೆ ಸಂತೆಯಲ್ಲಿ ಯಾರೂ ಮಡಿಕೆ ಬಿಚ್ಚಿ ನೋಡುತ್ತಿರಲಿಲ್ಲ. ಈಗ ಅದೇ ಎಳೆ ವಾರ್ನಿಶಿನ ಕೆಳಗೆ ಕಾಣುತ್ತಿತ್ತು. ಹೊಲಿಗೆಯಿಂದ ಹೊಲಿಗೆಗೆ ಬೆರಳು ಸರಿಸುತ್ತ ರೆಕ್ಕೆಯ ತುದಿಗೆ ಬಂದಳು. ತುದಿಯ ಪಟ್ಟಿಗೆ ಎಳೆ ಇರಲಿಲ್ಲ.

ಹೋದ ವರ್ಷ ಮಹಾಲಿಂಗಪ್ಪ ಅವಳ ಹತ್ತಿರ ಆರು ಥಾನು ಬಟ್ಟೆ ಕೊಂಡಿದ್ದ. ಎರಡೆಳೆ ಸೇರಿಸಿ ಹೊಸೆದ ಗಟ್ಟಿ ಹುರಿ ನೂಲಿನದೇ ಆಗಬೇಕೆಂದಿದ್ದ. ಐದು ಥಾನು ಹಾಗೆಯೇ ನೇಯ್ದಿದ್ದಳು. ಆರನೆಯದಕ್ಕೆ ಹುರಿ ನೂಲು ಸಿಗಲಿಲ್ಲ. ಹುರಿಯಿಲ್ಲದ ಒಂಟಿ ಎಳೆ ಹಾಸಿ, ಗಂಜಿ ದಟ್ಟವಾಗಿ ಕೊಟ್ಟು, ಐದರ ನಡುವೆ ಇಟ್ಟು ಕಟ್ಟಿದ್ದಳು. ಅದಕ್ಕೆ ತನ್ನ ಗುರುತು ಹಾಕಲು ಮಾತ್ರ ಕೈ ಬಂದಿರಲಿಲ್ಲ. ಈ ಸಂಗತಿ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು.

“ದೂರ ಸರಿ ರೇಣವ್ವ, ಬಡದೀತು” ಎಂದ ಮಹಾಲಿಂಗಪ್ಪ.

“ಸಾವ್ಕಾರ್ರ, ಇದು ಗಾದಿಗಂತ ಒಯ್ದ ಬಟ್ಟಿ ಅಲ್ಲೇನ್ರಿ?”

“ವಿಮಾನಕ್ಕ ಅಂತ ಹೇಳಿದ್ರ ಊರೆಲ್ಲ ನಗತಿತ್ತು.” ಮಹಾಲಿಂಗಪ್ಪ ತಾನೇ ನಕ್ಕ. “ಯಾಕ, ನಿನ್ನ ಬಟ್ಟಿ ಮ್ಯಾಲೆ ನಿನಗ ಭರೋಸಾ ಇಲ್ಲೇನು?”

“ಅಕೀ ಬಟ್ಟಿ ಹರಿಯಂಗಿಲ್ಲ ಬಿಡ್ರಿ!” ಗುಂಪಿನಿಂದ ಬಾಳವ್ವ ಕೂಗಿದಳು. “ನಾ ಉಟ್ಟ ಈ ಸೀರಿಗೆ ಆರು ವರ್ಷ ಆತು. ನನ್ನ ಗಂಡ ಹಳೇದಾದ, ಸೀರಿ ಆಗವಲ್ಲದು!”

ಜನ ಹೋ ಎಂದು ನಕ್ಕರು. ರೇಣವ್ವ ಒಮ್ಮೆ ತಿರುಗಿ ನೋಡಿದಳು. ನಿಂತವರಲ್ಲಿ ಅರ್ಧ ಮಂದಿ ಅವಳ ಮಗ್ಗದ್ದನ್ನೇ ಉಟ್ಟಿದ್ದರು, ಸುತ್ತಿದ್ದರು. ಮಿಸ್ತ್ರಿ ಎರಡೂ ಕೈಯಿಂದ ವಿಮಾನದ ಮೂತಿಯ ಪಂಖ ಹಿಡಿದ. ಅವಳು ರೆಕ್ಕೆಯ ತುದಿಗೆ ಹೆಬ್ಬೆರಳು ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಬಟ್ಟೆ ಪರ್ರೆಂದಿತು. ಹೆಬ್ಬೆರಳು ಬುಡದವರೆಗೂ ಒಳಗೆ ಹೋಯಿತು.

ಮಹಾಲಿಂಗಪ್ಪ ಹಿಂದಿನ ಕುರ್ಚಿಯಿಂದ ಧುಮುಕಿ ಬಂದ. “ಏನ್ ಮಾಡಿದಿ, ಹುಚ್ಚಿ! ಏನ್ ಮಾಡಿದಿ!”

“ಮಾಡಿದ್ದು ಹೋದ ವರ್ಷರಿ. ಇವತ್ತ ತೋರಿಸೇನಿ.” ರೇಣವ್ವ ದನಿ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ಈ ಥಾನು ಒಂಟಿ ಎಳೀದು. ಹುರಿ ನೂಲು ಅಂತ ಹೇಳಿ ಕೊಟ್ಟೆ. ಗಾದಿ ಮ್ಯಾಲೆ ಮಲಗಿದವರು ಎಲ್ಲಿಗೆ ಬೀಳ್ತಾರ ಅಂದ್ಕೊಂಡೆ.”

ನಗು ನಿಂತಿತು. ಬಾಳವ್ವ ತನ್ನ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿದಳು.

ಮಹಾಲಿಂಗಪ್ಪ ತೂತಿನ ಅಂಚಿನ ಒಂದು ಎಳೆಯನ್ನು ಉಗುರಿನಿಂದ ಎತ್ತಿದ. ಅದು ಸದ್ದಿಲ್ಲದೆ ಕಡಿದುಹೋಯಿತು. ಅವನು ಗುಡ್ಡದ ನೆತ್ತಿಯ ಕಡೆ ನೋಡಿದ.

“ಅಲ್ಲಿ ಮ್ಯಾಲೆ ಗಾಳಿ ನಿನ್ನ ಬೆರಳಿಗಿಂತ ಜೋರ ಇರತೈತಿ” ಎಂದ. “ನಾನೂ ಸುಳ್ಳು ಹೇಳಿದ್ದೆ. ಖರೇ ಹೇಳಿದ್ರ ನೀ ಇದನ್ನ ಕೊಡತಿರಲಿಲ್ಲ.”

“ಕೊಡತಿರಲಿಲ್ರಿ. ಹದಿನೈದು ದಿನ ತಡೀರಿ, ಬ್ಯಾರೆ ನೇಯ್ದು ಕೊಡ್ತೀನಿ.”

“ಅದನ್ನ ಹ್ಯಾಂಗ ನಂಬಲಿ ರೇಣವ್ವ?”

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ರೇಣವ್ವ ಅಷ್ಟೇ ನಿಜವಾಗಿ ಯೋಚಿಸಿದಳು. ಆಮೇಲೆ ಮುಂದಿನ ಕುರ್ಚಿಯ ಕಡೆ ಕೈ ತೋರಿಸಿದಳು.

“ಹಾರೂ ದಿನ ಅಲ್ಲಿ ನಾ ಕುಂದರ್ತೀನಿ.”

ಹೂವಪ್ಪ ಮಾಸ್ತರರು ರೆಕ್ಕೆಯ ತೂತನ್ನೊಮ್ಮೆ, ರೇಣವ್ವನ ಮುಖವನ್ನೊಮ್ಮೆ ನೋಡಿದರು. ಸೊಂಟದ ಪಟ್ಟಿ ಬಿಚ್ಚತೊಡಗಿದರು.