ಸೌಂದರ್ಯಾಳ ಬಯಕೆ

"ಏನ್ ಬಯಕಿ ಅದ ಹೇಳವಾ, ನಾಚಬ್ಯಾಡ," ಎಂದರು ಗಂಡನ ಸೋದರತ್ತೆ ಸುನಂದಾ, ಉಡಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಹಾಕುತ್ತ. ಕುಬಸದ ಶಾಸ್ತ್ರಕ್ಕೆ ಬಂದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಏಳು ತಿಂಗಳ ಬಸುರಿ ಸೌಂದರ್ಯಾ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಸೂಜಿ ಬೇಕ್ರಿ ನನಗ. ನಾಯಿಕೆಮ್ಮಿನ ಸೂಜಿ."

"ಮಂದಿ ಹುಣಸಿಕಾಯಿ ಕೇಳ್ತಾರ, ಮಣ್ಣು ಕೇಳ್ತಾರ, ಈಕಿ ಸೂಜಿ ಕೇಳಾಕತ್ತಾಳಲ್ಲೇ!" ಎಂದು ಯಾರೋ ನಕ್ಕರು. ಅತ್ತೆ ಶಿವಕಾಂತಮ್ಮ ನಗಲಿಲ್ಲ. ಕಲಬುರಗಿಯ ಡಾಕ್ಟರಮ್ಮ ಈ ಸೂಜಿ ಹಾಕಿಸಿಕೊಳ್ಳಲು ಹೇಳಿದಾಗಿನಿಂದ ಮನೆಯಲ್ಲಿ ಇದೇ ಜಗಳ.

"ಇದು ಬಯಕಿ ಅಲ್ಲ, ಹಟ. ಎರಡು ಸೂಜಿ ಆಗ್ಯಾವ, ಸಾಕು."

"ಅವು ಬ್ಯಾರೆ ಅತ್ತಿ. ಹುಟ್ಟಿದ ಕೂಸಿಗೆ ಒಂದೂವರೆ ತಿಂಗಳತನ ಈ ಕೆಮ್ಮಿನ ಸೂಜಿ ಹಾಕೂದಿಲ್ಲ. ಅಲ್ಲೀತನ ಅದನ್ನ ಕಾಯಾಕ ನಾ ಈಗ ಹಾಕಿಸ್ಕೋಬೇಕು." ಸೌಂದರ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಮ್ಮಕ್ಕನ ಕೂಸು ಕೆಮ್ಮಿ ಕೆಮ್ಮಿ ನೀಲಿ ಆಗಿದ್ದು ನಾ ನೋಡೀನ್ರಿ. ಉಸಿರು ತಗೋಳಾಕ ಆಗವಲ್ದಾಗಿತ್ತು. ಏನೋ, ಉಳೀತು."

ಸುನಂದಾ ಅತ್ತಿಗೆ ಶಿವಕಾಂತಮ್ಮನ ಕಡೆ ತಿರುಗಿದರು. "ಬಸುರಿ ಬಾಯಿಲೆ ಬಂದದ್ದಕ್ಕ ಇಲ್ಲ ಅನಬಾರದು ವೈನಿ. ಬಯಕಿ ತೀರಸ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ. ನಾಳಿಗೇ ಕರಕೊಂಡು ಹೋಗ್ರಿ."

ಅಷ್ಟು ಮಂದಿಯೆದುರು ಹೇಳಿದ ಮೇಲೆ ಶಿವಕಾಂತಮ್ಮನಿಗೆ ಬೇರೆ ದಾರಿ ಉಳಿಯಲಿಲ್ಲ. ಮರುದಿನ ಸೊಸೆಯನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆತಂದರು. ಖೂಬಾ ಪ್ಲಾಟ್ ಬಡಾವಣೆಯ ದವಾಖಾನೆಯಲ್ಲಿ ಸೂಜಿ ಚುಚ್ಚುವಾಗ ಮುಖ ಗೋಡೆಗೆ ತಿರುಗಿಸಿ ಕುಳಿತಿದ್ದರು.

"ಆತು ನೋಡ್ರಿ. ಒಂದೆರಡು ದಿನ ತೋಳು ನೋಯಬಹುದು, ಅಷ್ಟ," ಎಂದಳು ನರ್ಸ್ ಸನೋಬರ್. ಸೌಂದರ್ಯಾ ಸೆರಗು ಸರಿಮಾಡಿಕೊಂಡು ಎದ್ದಳು. ಶಿವಕಾಂತಮ್ಮ ಏಳಲಿಲ್ಲ.

"ಸಿಸ್ಟರ್, ಒಂದು ಮಾತು ಕೇಳ್ತೀನಿ. ನಮ್ಮ ಮೌನೇಶನಕಿಂತ ಮೊದಲ ನನಗ ಒಂದು ಹೆಣ್ಣು ಕೂಸಿತ್ತು. ತಿಂಗಳ ಕೂಸು. ಇದ ಕೆಮ್ಮಿಗೆ ಹೋತು."

ಸೌಂದರ್ಯಾ ನಿಂತಲ್ಲೇ ನಿಂತಳು. ಅಂಥ ಕೂಸೊಂದು ಇತ್ತೆಂದು ತನ್ನ ಗಂಡ ಮೌನೇಶ ಕೂಡ ಎಂದೂ ಹೇಳಿರಲಿಲ್ಲ.

"ಆಕಿ ಹೊಟ್ಯಾಗ ಇದ್ದಾಗ ನರ್ಸಬಾಯಿ ಸೂಜಿ ಹಾಕಾಕ ಮನಿಗೇ ಬಂದಿದ್ಲು. ನಾ ಅಂಜಿ ಬಾಜೂ ಮನ್ಯಾಗ ಅಡಗಿ ಕುಂತೆ. ಆಮ್ಯಾಲ ಎಲ್ಲಾರೂ ಅಂದ್ರು, ಆ ಸೂಜಿ ಹಾಕಿಸ್ಕೊಂಡಿದ್ರ ಕೂಸು ಉಳೀತಿತ್ತು ಅಂತ. ಅವತ್ತಿಂದ ಸೂಜಿ ಹೆಸರು ಕೇಳಿದ್ರ ಆಗೂದಿಲ್ಲ ನನಗ, ಖರೇ ಏನ್ರಿ ಅದು?"

ಸನೋಬರ್ ಸಿರಿಂಜು ಡಬ್ಬಿಗೆ ಹಾಕಿ ತಿರುಗಿದಳು. "ಯಾರಂದ್ರು ಅಮ್ಮಾ? ಅದು ಟಿಟಿ ಸೂಜಿ, ಧನುರ್ವಾಯಿದು. ಅದಕ್ಕೂ ಕೆಮ್ಮಿಗೂ ಸಂಬಂಧ ಇಲ್ಲ. ಬಸುರ್ಯಾರಿಗಿ ಕೆಮ್ಮಿನ ಸೂಜಿ ಹಾಕೂದು ಈಗೀಗ ಬಂದದ್ದು. ಅವಾಗ ಇರಲೇ ಇಲ್ಲ."

ಶಿವಕಾಂತಮ್ಮ ಆಕೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಇರಲಿಲ್ಲ ಅಂದ್ರ್ಯಾ? ಇನ್ನೊಮ್ಮಿ ಹೇಳ್ರಿ."