ಏಳನೇ ತೋಟದ ಸೊಪ್ಪು

ಚೀಲದಣ್ಣ ಸೊಪ್ಪು ಬದಲಾಯಿಸುತ್ತಿದ್ದಾನೆ. ಗಾಳಿ ಮೇಡಂಗೆ ಆ ಬಗ್ಗೆ ಅನುಮಾನವೇ ಉಳಿದಿರಲಿಲ್ಲ.

ಅಣುಸ್ಥಾವರದ ಕೊಳವೆಯಿಂದ ವಿಕಿರಣದ ಧೂಳು ಸೋರಿ ಒಂಬತ್ತು ದಿನವಾಗಿತ್ತು. ಅಂದಿನಿಂದ ಒಂದು ಹನಿ ಮಳೆಯಿಲ್ಲ. ಧೂಳು ಯಾವ ಗಾಳಿಯನ್ನೇರಿ ಎಲ್ಲಿಗೆ ಹೋಯಿತು, ಎಲೆಯ ಮೇಲೆ ಎಷ್ಟು ಕೂತಿತು, ಮಣ್ಣಿಗೆ ಎಷ್ಟು ಇಳಿಯಿತು, ಬೇರು ಎಷ್ಟು ಹೀರೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಕಣ್ಣಿಗೆ ಕಾಣದ ರಾಕ್ಷಸನ ಹೆಜ್ಜೆ ಎಣಿಸಿದ ಹಾಗೆ. ಅದಕ್ಕೇ ಕಚೇರಿಯಲ್ಲಿ ಅವಳಿಗೆ ಆ ಹೆಸರು. ತೋಟಗಳಿಂದ ಸ್ಯಾಂಪಲ್ ಹೊತ್ತು ತರುವ ಡ್ರೈವರು ಚೀಲದಣ್ಣ.

ಆರು ತೋಟಗಳ ಸೊಪ್ಪು ಅವಳ ಲೆಕ್ಕಕ್ಕೆ ತಾಳೆಯಾಗಿತ್ತು. ಏಳನೆಯದು ಗಾಳಿಯ ಬಾಯಿಗೇ ಸಿಕ್ಕಿದ್ದ ತೋಟ. ಲೆಕ್ಕದ ಪ್ರಕಾರ ಅಲ್ಲಿ ವಿಷ ಮಿತಿಯ ಮೂರು ಪಟ್ಟು ಇರಬೇಕು. ಸೊಪ್ಪಿನ ವಿಕಿರಣ ಅಳೆಯುವ ಯಂತ್ರ ಮಾತ್ರ ಮಿತಿಗಿಂತ ಕಡಿಮೆ ಎನ್ನುತ್ತಿತ್ತು. ಒಂದಲ್ಲ, ಮೂರು ಸಲ. ಹನ್ನೊಂದು ಶಾಲೆಗಳ ಅಡುಗೆಮನೆಗೆ ಸೊಪ್ಪು ಹೋಗುತ್ತಿದ್ದದ್ದು ಅಲ್ಲಿಂದಲೇ. ಮಾರಾಟದ ತಡೆ ತೆಗೆಯುವ ಕಾಗದ ಅವಳ ಸಹಿಗೆ ಕಾದು ಕೂತಿತ್ತು.

ಉಳಿದ ಚೀಲಗಳಲ್ಲಿ ಮಣ್ಣು, ಕಸ, ಹುಳ. ಏಳನೆಯದು ಮಾತ್ರ ಮದುವಣಗಿತ್ತಿಯ ಹಾಗೆ ಬರುತ್ತಿತ್ತು. ಯಾವುದೋ ಅಂಗಡಿಯ ಸೊಪ್ಪೇ ಇರಬೇಕು. ತೋಟದ ಯಜಮಾನಿ ಯಾರೆಂದು ವಿಚಾರಿಸಿದಳು. ಚೀಲದಣ್ಣನ ಸ್ವಂತ ಅತ್ತಿಗೆ!

"ಅತ್ತಿಗೆ ತೋಟ ಅಂತ ಒಂದು ಮಾತು ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ ಮೇಡಂ."

"ಕೇಳದೇ ಇದ್ರೆ ಹೇಳಲ್ಲ. ನೋಡದೇ ಇದ್ರೆ ಏನೇನು ಮಾಡ್ತೀರೋ?"

ಅವನ ಮುಖ ಕೆಂಪಾಯಿತು. "ಗಾಳಿ ಗುದ್ದಿ ಮೈ ನೋಯಿಸ್ಕೋಬೇಡಿ. ನಾಳೆ ನೀವೇ ಬನ್ನಿ. ನಿಮ್ಮ ಕಣ್ಣೆದುರೇ ಕೊಯ್ಯಲಿ."

ಹೋದಳು. ಅವಳು ಬೆರಳು ಮಾಡಿದ ಸಾಲಿನಿಂದಲೇ ಅತ್ತಿಗೆ ಸೊಪ್ಪು ಕೊಯ್ದಳು. "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ ಮೇಡಂ. ಮನೆಗೆ ಬಂದವರನ್ನ ಹಾಗೇ ಕಳಿಸಿದವಳಲ್ಲ ನಾನು," ಎಂದು ಟೀ ಕೊಟ್ಟು, ಸೊಪ್ಪಿನೊಂದಿಗೆ ಒಳಗೆ ಹೋದಳು. ಲೋಟ ಕೈಯಲ್ಲಿದ್ದರೂ ಗಾಳಿ ಮೇಡಂ ಕಣ್ಣು ಚೀಲದಣ್ಣನನ್ನು ಬಿಟ್ಟು ಕದಲಲಿಲ್ಲ. ಅವನು ಜೀಪಿಗೊರಗಿ ಆಕಳಿಸುತ್ತಿದ್ದ. ಸೊಪ್ಪಿನ ಹತ್ತಿರವೂ ಸುಳಿಯಲಿಲ್ಲ. ಅತ್ತಿಗೆ ಚೀಲ ತಂದುಕೊಟ್ಟಾಗ ಗಾಳಿ ಮೇಡಂ ತಾನೇ ಬಾಯಿ ಕಟ್ಟಿ ಮೊಹರು ಒತ್ತಿದಳು. ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಮಡಿಲಲ್ಲೇ ಇಟ್ಟುಕೊಂಡಳು.

ಯಂತ್ರ ಮತ್ತೆ ಅದನ್ನೇ ಹೇಳಿತು. ಮಿತಿಗಿಂತ ಕಡಿಮೆ.

ಹಾಗಾದರೆ ಸುಳ್ಳು ಹೇಳಿದ್ದು ತನ್ನ ಲೆಕ್ಕವೇ. ಗಾಳಿಯ ವೇಗ, ಎಲೆಯ ಅಗಲ, ಮಣ್ಣಿನ ಗುಣ ಎಲ್ಲವನ್ನೂ ಕೆದಕಿದಳು. ತಪ್ಪು ಸಿಗಲಿಲ್ಲ.

"ಕಣ್ಣಾರೆ ಕಂಡ ಮೇಲೂ ಅನುಮಾನವೇನಮ್ಮ?" ಎಂದರು ಸಾಹೇಬರು. "ನಿನ್ನ ಗಾಳಿಗೋಪುರಕ್ಕೋಸ್ಕರ ಆ ಹೆಂಗಸಿನ ಹೊಟ್ಟೆ ಮೇಲೆ ಹೊಡೀಬೇಕಾ?"

ಸಹಿ ಹಾಕಿದಳು.

ಮರುದಿನ ಮಧ್ಯಾಹ್ನ, ಶಾಲೆಗಳ ಊಟದ ಹೊತ್ತು. ಅವಳೇ ಚೀಲದಣ್ಣನನ್ನು ಕರೆಸಿ, "ತಪ್ಪಾಯ್ತಣ್ಣ," ಎಂದಳು.

"ಅಯ್ಯೋ, ಬಿಡಿ ಮೇಡಂ. ನಿಮ್ಮ ಮೇಲೆ ಅತ್ತಿಗೆಗೆ ಎಷ್ಟು ಪ್ರೀತಿ ನೋಡಿ." ಅವನು ಒಂದು ಕಂತೆ ಸೊಪ್ಪು ಮೇಜಿನ ಮೇಲಿಟ್ಟ. "ಬೆಳಗ್ಗೆ ಶಾಲೆಗಳಿಗೆ ಹೊರಟ ಗಾಡಿಯಿಂದಲೇ ತೆಗೆದುಕೊಟ್ಟಳು."

ಎಲೆಗಳ ಮೇಲೆ ತೆಳ್ಳಗೆ ಬೂದು ಬಳಿದಂತಿತ್ತು.

"ಇದ್ಯಾಕೆ ಹೀಗಿದೆ?"

"ಮಾರೋ ಸೊಪ್ಪಲ್ವಾ? ತೊಳೆದರೆ ದಾರೀಲೇ ಕೊಳೆಯುತ್ತೆ. ಶಾಲೆ ಅಡುಗೆಯವರೂ ಅಷ್ಟೇ, ರಾಶಿ ಸೊಪ್ಪನ್ನ ಒಂದು ಸಲ ಅದ್ದಿ ತೆಗೆದರೆ ಪುಣ್ಯ."

"ಮತ್ತೆ... ನಮಗೆ ಬರ್ತಿದ್ದದ್ದು?"

ಚೀಲದಣ್ಣ ಎದೆಯುಬ್ಬಿಸಿ ನಕ್ಕ. "ಓದಿದವರ ಕೈಗೆ ಧೂಳು ಮೆತ್ತಿದ್ದು ಕೊಡೋಕಾಗುತ್ತಾ ಮೇಡಂ? ಪ್ರತಿ ಸಲವೂ ಅತ್ತಿಗೆ ಮೂರು ನೀರಲ್ಲಿ ತೊಳೆದು, ಬಟ್ಟೇಲಿ ಒರೆಸಿಯೇ ಕೊಟ್ಟಿದ್ದು!"